ನೋವಿಲ್ಲದ ಸಂಜೆಗಳಲ್ಲಿ ಹೇಳಿದ್ದು

ನಾನು ಬನಿಯನ್ ಹಾಕಿಕೊಂಡು ಒಂದು ವರ್ಷದ ಮೇಲಾಯಿತು. ಎದೆಯ ಎಡಭಾಗದಿಂದ ಪಕ್ಕೆಯ ಮೇಲೆ ಹಾದು ಬೆನ್ನುಮೂಳೆಯವರೆಗೆ ನಾಲ್ಕು ಬೆರಳು ಅಗಲದ ಒಂದು ಪಟ್ಟಿ ಇದೆ. ನೋಡಿದರೆ ಅಲ್ಲಿ ಏನೂ ಇಲ್ಲ, ಚರ್ಮ ಸ್ವಲ್ಪ ಕಂದಿದೆ ಅಷ್ಟೆ. ಆದರೆ ಅಲ್ಲಿಗೆ ಹತ್ತಿಬಟ್ಟೆ ತಾಗಿದರೆ ಕಾದ ಕಾವಲಿ ತಾಗಿದ ಹಾಗಾಗುತ್ತದೆ. ಫ್ಯಾನಿನ ಗಾಳಿ ಬಿದ್ದರೂ ಸಾಕು. ವಿಚಿತ್ರವೆಂದರೆ ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಅಷ್ಟು ನೋವಿಲ್ಲ. ಮೆಲ್ಲಗೆ ಸವರಿದರೆ ಮಾತ್ರ ಪ್ರಾಣ ಹೋಗುತ್ತದೆ. ಪ್ರೀತಿಯಿಂದ ಮುಟ್ಟುವವರನ್ನೇ ದೂರ ಇಡುವ ಕಾಯಿಲೆ ಇದು.

ಶುರುವಾಗಿದ್ದು ಸರ್ಪಸುತ್ತಿನಿಂದ. ಗುಳ್ಳೆಗಳು ಮೂರು ವಾರಕ್ಕೆ ಒಣಗಿ ಉದುರಿದವು. ನೋವು ಉಳಿಯಿತು.

ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು. ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಳತೆ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಒತ್ತಡ ತೋರಿಸುವ ಮೀಟರು, ಶಾಖ ತೋರಿಸುವ ಮೀಟರು, ಹೀಗೆ. ಯಾವುದನ್ನೂ ಅದು ತೋರಿಸುತ್ತದೆ ಎಂಬ ಕಾರಣಕ್ಕೆ ನಂಬಬಾರದು ಎಂಬುದು ಅಲ್ಲಿನ ಮೊದಲ ಪಾಠ. ಹೆಂಡತಿ ಶೈಲಾ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರು. ಇಬ್ಬರೂ ದಾವಣಗೆರೆ ಕಡೆಯವರು. ವರ್ತೂರಿನಲ್ಲಿ ಮುನಿರತ್ನಮ್ಮನವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಅವರ ಹೊಲವೆಲ್ಲ ಅಪಾರ್ಟ್‌ಮೆಂಟುಗಳಾಗಿವೆ. ಕೆಳಗೆ ಒಂದು ಹಸು ಮಾತ್ರ ಉಳಿಸಿಕೊಂಡಿದ್ದಾರೆ, ಬೆಳಿಗ್ಗೆ ಹಾಲನ್ನು ತಾವೇ ಮೇಲೆ ತಂದುಕೊಡುತ್ತಾರೆ.

ಈ ಬರಹವನ್ನು ನಾನು ಮೊದಲು ಬೇರೆ ರೀತಿ ಬರೆದಿದ್ದೆ. ನೋವಿನ ಚಿಕಿತ್ಸೆಗೆ ಹೋಗುವ ಕ್ಲಿನಿಕ್ಕಿನಲ್ಲಿ ರೋಗಿಗಳೇ ಸೇರಿ ಮಾಡಿಕೊಂಡ ಗುಂಪೊಂದಿದೆ. ಹೊಸದಾಗಿ ಬಂದವರಿಗೆ ಧೈರ್ಯವಾಗಲಿ ಎಂದು ಒಬ್ಬೊಬ್ಬರೂ ತಮ್ಮ ಅನುಭವ ಬರೆದುಕೊಡುತ್ತಾರೆ. ನಾನು ಬರೆದಿದ್ದ ಮೊದಲ ಪುಟ ಹೀಗಿತ್ತು: ಶನಿವಾರ ಪಕ್ಕೆ ಉರಿಯಿತು. ಭಾನುವಾರ ಬೆಳಿಗ್ಗೆ ಗುಳ್ಳೆ ಎದ್ದವು. ಹೆಂಡತಿ ಹುಳ ಹರಿದಿರಬೇಕು, ಎರಡು ದಿನ ನೋಡೋಣ ಎಂದಳು. ಬುಧವಾರ ಸಂಜೆ ಮನೆಯ ಓನರಮ್ಮ ಕಂಡು ಸರ್ಪಸುತ್ತು ಎಂದರು, ಕೆಮ್ಮಣ್ಣು ಹಚ್ಚಲು ಬಂದರು. ನಾನು ನಕ್ಕು ಬೇಡ ಎಂದೆ. ಗುರುವಾರ ಆಸ್ಪತ್ರೆಗೆ ಹೋದೆ, ಅಷ್ಟರಲ್ಲಿ ತಡವಾಗಿತ್ತು.

ಇದನ್ನೇ ಒಂದು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೆ.

ಗುರುವಾರ ಚರ್ಮದ ಡಾಕ್ಟರು ನನ್ನ ಪಕ್ಕೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟ್ ದಿನ ಏನ್ ಮಾಡ್ತಿದ್ರಿ? ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡ್ಬೇಕಿತ್ತು." ನಾನು ಪಕ್ಕದಲ್ಲಿ ನಿಂತಿದ್ದ ಶೈಲಾಳ ಕಡೆ ತಿರುಗಿ ನೋಡಿದೆ. ಡಾಕ್ಟರೂ ಅವಳನ್ನು ನೋಡಿದರು. ಅವಳು ಕೈಯಲ್ಲಿದ್ದ ಫೈಲನ್ನು ನೋಡಿಕೊಂಡಳು.

ಆ ನೋಟದಿಂದ ಶುರುವಾಗಿದ್ದು ಆಮೇಲೆ ನಿಲ್ಲಲಿಲ್ಲ. ನೋವಿಗೆ ಕಾರಣ ಬೇಕು, ಕಾರಣಕ್ಕೆ ಒಂದು ಮುಖ ಬೇಕು. ನನಗೆ ಮನೆಯಲ್ಲೇ ಮುಖವಿತ್ತು. ಹೊದಿಕೆ ತಾಗಿ ಎಚ್ಚರವಾದರೆ, ಅಂಗಿಯ ಗುಂಡಿ ಸವರಿದರೆ, "ಆ ಭಾನುವಾರ ನೀನು ಆ ಮಾತು ಹೇಳದೆ ಇದ್ದಿದ್ರೆ" ಎಂದು ಶುರು ಮಾಡುತ್ತಿದ್ದೆ. ಅವಳ ಅಪ್ಪ ಅಮ್ಮ ನನ್ನನ್ನು ನೋಡಲು ಬಂದಾಗ ಅವರ ಮುಂದೆಯೂ ಹೇಳಿದೆ. ನನ್ನ ಮಾವ ನಿವೃತ್ತ ಮೇಷ್ಟರು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿ, "ಅವಳು ಸಣ್ಣೋಳಿದ್ದಾಗಿಂದ ಹಂಗೆ, ಯಾವ್ದುನ್ನೂ ಗಂಭೀರ ಮಾಡ್ಕೊಳ್ಳಲ್ರಿ" ಎಂದರು. ಅಡುಗೆಮನೆಯಲ್ಲಿ ಶೈಲಾ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅವಳು ನನಗೆ ಮಾಡಿದ್ದನ್ನೂ ಬರೆಯಬೇಕು. ಹೊದಿಕೆ ಮೈಗೆ ತಾಗದ ಹಾಗೆ ಏನು ಮಾಡಬಹುದೆಂದು ಯೋಚಿಸಿ, ಮಾರತ್ತಹಳ್ಳಿಯ ಅಂಗಡಿಯಿಂದ ಕೂಸುಗಳ ಮೇಲೆ ಮುಚ್ಚುವ ಕೊಡೆಯಂಥ ಸೊಳ್ಳೆಪರದೆ ತಂದಳು. ಅದನ್ನು ಬಿಚ್ಚಿ ನನ್ನ ಪಕ್ಕೆಯ ಮೇಲೆ ನಿಲ್ಲಿಸಿ, ಅದರ ಮೇಲೆ ಹೊದಿಕೆ ಹರಡಿದಳು. ಅಂಗಡಿಯವನು "ಪಾಪುಗೆ ಎಷ್ಟ್ ತಿಂಗ್ಳು ಮೇಡಂ?" ಎಂದು ಕೇಳಿದನಂತೆ.

"ನೀನೇನಂದೆ?"

"ನಲವತ್ತೊಂಬತ್ತು ವರ್ಷ ಅಂದೆ. ರಾತ್ರಿ ತುಂಬಾ ಹಟ ಮಾಡುತ್ತೆ ಅಂದೆ."

ಇಬ್ಬರೂ ನಕ್ಕೆವು. ನಕ್ಕರೆ ಪಕ್ಕೆ ಹಿಗ್ಗುತ್ತದೆ. ನನ್ನ ನಗು ಅರ್ಧಕ್ಕೇ ನರಳಾಟವಾಯಿತು. ಅವಳು ಅಂದಿನಿಂದ ನನ್ನೆದುರು ತಮಾಷೆ ಮಾಡುವುದನ್ನು ಬಿಟ್ಟಳು.

ಮಾತ್ರೆಗಳಲ್ಲಿ ಆರು ತಿಂಗಳು ಕಳೆಯಿತು. ಒಂದು ಮಾತ್ರೆ ನಿದ್ದೆ ತರುತ್ತಿತ್ತು, ಇನ್ನೊಂದು ಬಾಯಿ ಒಣಗಿಸುತ್ತಿತ್ತು. ನೋವು ತಾನಿದ್ದಲ್ಲೇ ಇತ್ತು. ಕಾರ್ಖಾನೆಗೆ ಅಂಗಿಯ ಎಡಭಾಗವನ್ನು ಕೈಯಿಂದ ಎತ್ತಿ ಹಿಡಿದುಕೊಂಡು ಹೋಗುತ್ತಿದ್ದೆ. ವರ್ತೂರು ಕೆರೆ ಕೋಡಿಯ ಟ್ರಾಫಿಕ್ಕಿನಲ್ಲಿ ಒಂದೊಂದು ಹಂಪ್ ಬಂದಾಗಲೂ ಕಾರ್ಖಾನೆಯ ವ್ಯಾನಿನ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ನಿಧಾನಕ್ಕೇ ಹೋಗ್ತಿದೀನಲ್ಲ ಸಾರ್" ಎನ್ನುತ್ತಿದ್ದ. ಹೊರಗೆ ಏನೂ ಕಾಣದ ನೋವಿಗೆ ಜನ ಮೊದಲ ತಿಂಗಳು ಮರುಗುತ್ತಾರೆ, ಎರಡನೇ ತಿಂಗಳು ಸಲಹೆ ಕೊಡುತ್ತಾರೆ, ಮೂರನೇ ತಿಂಗಳು "ಇನ್ನೂ ಇದೆಯಾ?" ಎನ್ನುತ್ತಾರೆ.

ಆ "ಇನ್ನೂ" ಇಲ್ಲದ ಒಂದೇ ಜಾಗವೆಂದರೆ ನೋವಿನ ಕ್ಲಿನಿಕ್ಕಿನ ಕಾಯುವ ಕೋಣೆ. ಅಲ್ಲಿ ಕುರ್ಚಿಗಳು ಖಾಲಿ ಇದ್ದರೂ ಅರ್ಧ ಜನ ನಿಂತಿರುತ್ತಾರೆ, ಯಾಕೆಂದು ಯಾರೂ ಕೇಳುವುದಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದ ಒಬ್ಬ ಹೆಂಗಸು ಬಲಗೈಯನ್ನು ಬಿಸಿ ಟೀ ಲೋಟ ಹಿಡಿದವರ ಹಾಗೆ ಮುಂದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಲೋಟ ಇರುತ್ತಿರಲಿಲ್ಲ. ಮಷೀನಿನ ಸೂಜಿ ಬೆರಳಿಗೆ ಹೊಕ್ಕು ಎರಡು ವರ್ಷವಾಗಿತ್ತಂತೆ. "ಒಳಗೆ ಹೋಗಿದ್ದು ಒಂದು ಸೆಕೆಂಡು ಅಣ್ಣಾ, ಇನ್ನೂ ಹೋಗ್ತಾನೇ ಇದೆ" ಎಂದರು. ನನ್ನ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪುಸ್ತಕ ನಾನು ಓದಿಲ್ಲ.

ಅಲ್ಲಿನ ಡಾಕ್ಟರು ನೇರವಾಗಿ ಮಾತಾಡುವ ಹೆಂಗಸು. ನರಗಳ ನಡುವೆ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವಿದೆ, ಬೆನ್ನುಹುರಿಯಲ್ಲಿ ಅದು ಬಡಿಯುವ ಬಾಗಿಲುಗಳಿವೆ. ನನ್ನಲ್ಲಿ ಆ ಬಾಗಿಲುಗಳು ತೆರೆದು ಹಾಗೇ ನಿಂತುಬಿಟ್ಟಿವೆ, ಅದಕ್ಕೇ ಬಟ್ಟೆಯ ಸ್ಪರ್ಶವೂ ಬೆಂಕಿಯಾಗಿ ಒಳಗೆ ಹೋಗುತ್ತಿದೆ ಎಂದರು. ಆ ಬಾಗಿಲಿಗೆ ಅಡ್ಡ ಕೂರುವ ಔಷಧವಿದೆ, ಆಪರೇಷನ್ನಿನಲ್ಲಿ ಪ್ರಜ್ಞೆ ತಪ್ಪಿಸಲು ಬಳಸುವ ಕೆಟಮಿನ್, ಅದನ್ನೇ ಸಣ್ಣ ಪ್ರಮಾಣದಲ್ಲಿ ಡ್ರಿಪ್ಪಿನಲ್ಲಿ ಗಂಟೆಗಟ್ಟಲೆ ಕೊಡುತ್ತೇವೆ, ಎಲ್ಲರಿಗೂ ಕೆಲಸ ಮಾಡುವುದಿಲ್ಲ ಎಂದೂ ಹೇಳಿದರು. ನಾನು ಮನೆಗೆ ಬಂದು ಓದಿದೆ. ಹೊಸ ನೆನಪು ಕೂಡಿಕೊಳ್ಳುವುದಕ್ಕೂ ಅದೇ ಬಗೆಯ ಬಾಗಿಲು ತೆರೆಯಬೇಕು ಎಂದಿತ್ತು. ನೆನಪಿಗೆ ತೊಂದರೆಯಾಗುತ್ತದೆಯೇ ಎಂದು ಮುಂದಿನ ಸಲ ಕೇಳಿದೆ. "ಹೌದು," ಎಂದರು, "ಡ್ರಿಪ್ ಇರೋ ಹೊತ್ತು, ಅವತ್ತಿನ ಸಂಜೆ, ಸರಿಯಾಗಿ ನೆನಪಿರೋದಿಲ್ಲ. ಅವತ್ತು ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ. ಒಬ್ಬರು ಜೊತೆಗಿರ್ಲಿ."

ಜೊತೆಗೆ ಶೈಲಾ ಇರುತ್ತಿದ್ದಳು.

ಡ್ರಿಪ್ಪಿನ ಬಗ್ಗೆ ನನಗೆ ನೆನಪಿರುವುದು ಶುರುವಿನ ಅರ್ಧ ಗಂಟೆ. ಬೆರಳಿಗೆ ಕ್ಲಿಪ್ಪು, ತೋಳಿಗೆ ಬಿಪಿ ಪಟ್ಟಿ. ಆಮೇಲೆ ನನ್ನ ಕಾಲು ನನ್ನದಲ್ಲ ಅನಿಸುತ್ತದೆ. ನೋವು ಹೋಗುವುದಿಲ್ಲ, ಪಕ್ಕದ ಮನೆಯ ಟಿವಿಯಂತೆ ಗೋಡೆಯಾಚೆ ಕೇಳಿಸುತ್ತದೆ. ಆಮೇಲೆ ಅದೂ ಇಲ್ಲ. ಮೊದಲ ಸಲ ಹೆದರಿ ನರ್ಸಿನ ಕೈ ಹಿಡಿದು, "ನಾನು ವಾಪಸ್ ಬರ್ತೀನಾ?" ಎಂದು ಕೇಳಿದೆನಂತೆ. ಅವರು "ಬಿಲ್ಲಿಂಗ್ ಮುಗಿಸ್ದೆ ಯಾರನ್ನೂ ಕಳ್ಸಲ್ಲ ಸಾರ್" ಎಂದರಂತೆ. ಇದೂ ಶೈಲಾ ಹೇಳಿದ್ದೇ.

ಅಲ್ಲಿಂದ ಮುಂದೆ ಮರುದಿನ ಬೆಳಗಿನವರೆಗೆ ನನ್ನ ಹತ್ತಿರ ಏನೂ ಇಲ್ಲ. ಮರುದಿನ ಎದ್ದಾಗ ನೋವು ಅರ್ಧಕ್ಕೆ ಇಳಿದಿರುತ್ತಿತ್ತು, ಹತ್ತು ಹನ್ನೆರಡು ದಿನಕ್ಕೆ ಪೂರಾ ಮರಳುತ್ತಿತ್ತು. ನೋವು ಏನೇನೂ ಇಲ್ಲದ ಹೊತ್ತೆಂದರೆ ಆ ಸಂಜೆಗಳು ಮಾತ್ರ. ಆ ಸಂಜೆ ನಾನು ಎಡ ಮಗ್ಗುಲಿಗೆ ಮಲಗುತ್ತೇನಂತೆ, ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತೇನಂತೆ. ನನಗೇ ಗೊತ್ತಿಲ್ಲದ ಸುಖ.

ತಿಂಗಳಿಗೊಂದರಂತೆ ಆರು ಡ್ರಿಪ್ ಆದ ಮೇಲೆ ನಾನು ಆ ಮೊದಲ ಪುಟ ಬರೆದಿದ್ದು. ಒಂದು ಭಾನುವಾರ ಮಧ್ಯಾಹ್ನ. ಡ್ರಿಪ್ ಆಗಿ ಮೂರು ವಾರ ಕಳೆದಿತ್ತು, ನೋವು ಪೂರಾ ಮರಳಿತ್ತು. ಗುಳ್ಳೆ ಎದ್ದ ತಾರೀಖು ಖಚಿತ ಮಾಡಿಕೊಳ್ಳಲು, "ಆಗ ನಿನ್ನ ಫೋನಲ್ಲಿ ಒಂದು ಫೋಟೋ ತೆಗೆದಿದ್ದೆ ಅಲ್ವಾ?" ಎಂದು ಶೈಲಾಳನ್ನು ಕೇಳಿದೆ. ಅವಳು ಉತ್ತರ ಪುಸ್ತಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹುಡುಕದೆಯೇ, ಎಲ್ಲಿದೆಯೆಂದು ಮೊದಲೇ ಗೊತ್ತಿದ್ದವಳ ಹಾಗೆ, ಫೋಟೋ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟಳು.

ಫೋಟೋದಲ್ಲಿ ನಾನು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಅಂಗಿ ಬಿಚ್ಚಿ ಕೂತಿದ್ದೇನೆ. ಮುನಿರತ್ನಮ್ಮನವರ ಕೈ, ಬಳೆ, ಒಂದು ಬಟ್ಟಲು ಕಾಣುತ್ತವೆ. ನನ್ನ ಪಕ್ಕೆಯ ತುಂಬ ಕೆಮ್ಮಣ್ಣು. ಗುಳ್ಳೆಗಳ ಎರಡು ತುದಿಗೂ ದಪ್ಪನಾದ ಗೆರೆ ಎಳೆದಿದೆ. ನಾನು ಕ್ಯಾಮೆರಾ ಕಡೆ ತಿರುಗಿ ನಗುತ್ತಿದ್ದೇನೆ. ಮೇಲೆ ತಾರೀಖು ಇತ್ತು. ಗುಳ್ಳೆ ಎದ್ದ ಅದೇ ಭಾನುವಾರ, ಬೆಳಿಗ್ಗೆ ಒಂಬತ್ತು ಮುಕ್ಕಾಲು.

"ಇದು ಯಾವಾಗಿಂದು?" ಎಂದೆ. ತಾರೀಖು ಕಣ್ಣೆದುರೇ ಇತ್ತು.

"ಭಾನುವಾರದ್ದು. ಮುನಿರತ್ನಮ್ಮ ಹಾಲು ತಂದಾಗ ನೋಡಿದ್ರು."

ಶೈಲಾ ಹೇಳಿದ್ದು ಇದು. ಹುಳ ಹರಿದಿರಬೇಕು ಎಂದು ಅವಳು ಹೇಳಿದ್ದು ನಿಜ, ಆದರೆ ಶನಿವಾರ, ಗುಳ್ಳೆ ಏಳುವ ಮೊದಲು. ಭಾನುವಾರ ಮುನಿರತ್ನಮ್ಮ ಹಾಲಿನ ಪಾತ್ರೆ ಇಟ್ಟು ನನ್ನ ಪಕ್ಕೆ ನೋಡಿದವರೇ, "ಅಯ್ಯೋ, ಸರ್ಪಸುತ್ತು ಕಣಪ್ಪ ಇದು! ತಲೆ ಬಾಲ ಸೇರ್ಬಾರ್ದು, ಸೇರಿದ್ರೆ ಜೀವ ಉಳಿಯಾಕಿಲ್ಲ" ಎಂದು ಕೆಳಗೋಡಿ ಕೆಮ್ಮಣ್ಣು ತೇದು ತಂದರು. ಶೈಲಾ ಫೋಟೋ ತೆಗೆದು ನರ್ಸ್ ಆಗಿರುವ ತಂಗಿಗೆ ಕಳಿಸಿದಳು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಐದು ನಿಮಿಷದಲ್ಲಿ ಉತ್ತರ ಬಂತು. ಅದೂ ಫೋನಿನಲ್ಲಿತ್ತು. ಅಷ್ಟರಲ್ಲಿ ಮುನಿರತ್ನಮ್ಮ ಹೇಳಿದ್ದರು: "ಮೂರು ದಿನ ಅಂಗೇ ಬುಡ್ಬೇಕು. ಮಧ್ಯದಾಗೆ ಇಂಜೆಕ್ಷನ್ ಗಿಂಜೆಕ್ಷನ್ ಅಂತ ಓದ್ರೆ ಆವು ಒಳೀಕೆ ಒಂಟೋಯ್ತದೆ. ಮನೇಲಿ ಒಗ್ಗರಣೆನೂ ಆಕ್ಬೇಡವ್ವ."

"ನಾನು ಏನಂದೆ?"

"ತಣ್ಣಗಿದೆ, ಇರ್ಲಿ ಬಿಡು ಅಂದ್ರಿ. ಮಣ್ಣಿನ ನೀರು ಆರುವಾಗ ಶಾಖ ಎಳ್ಕೊಳ್ಳುತ್ತೆ, ಇದರಲ್ಲಿ ಸೈನ್ಸ್ ಇದೆ ಅಂತ ನಂಗೇ ಪಾಠ ಮಾಡಿದ್ರಿ. ಮೂರು ದಿನ ಆಗ್ಲಿ ಅಂದ್ರಿ. ಬರ್ರಿ, ಆಟೋ ಕರೀತೀನಿ ಅಂದೆ. ನಿನ್ ತಂಗಿ ಡಾಕ್ಟರಾ ಅಂದ್ರಿ."

"ಒಗ್ಗರಣೆ?"

"ಬುಧವಾರದ ತನಕ ಸಪ್ಪೆ ಸಾರು ಉಂಡ್ರಿ. ಚೆನ್ನಾಗಿದೆ ಅಂತ ಬೇರೆ ಅಂದ್ರಿ."

ಗುರುವಾರ ಬೆಳಿಗ್ಗೆ ಸ್ನಾನ ಮಾಡುವಾಗ ಬಚ್ಚಲಲ್ಲಿ ಕೆಂಪು ನೀರು ಹರಿದದ್ದು ನನಗೆ ಚೆನ್ನಾಗಿ ನೆನಪಿತ್ತು. ಅದು ಗುಳ್ಳೆ ಒಡೆದ ರಕ್ತ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನೆನಪು ಇತ್ತು, ಅದಕ್ಕೆ ಚೀಟಿ ಮಾತ್ರ ಬೇರೆ ಅಂಟಿಸಿದ್ದೆ.

"ಇದನ್ನ ನನಗೆ ಯಾಕೆ ತೋರಿಸಲಿಲ್ಲ?" ಎಂದೆ. ದನಿ ಏರಿತ್ತು. ಆಗಲೂ ತಪ್ಪು ಅವಳದಾಗಲಿ ಎಂಬ ಆಸೆ ನನಗೆ.

ಅವಳು ಬಹಳ ನಿಧಾನವಾಗಿ ಹೇಳಿದಳು. "ತೋರಿಸಿದೀನ್ರಿ. ಎರಡು ಸಲ. ಎರಡನೇ ಡ್ರಿಪ್ ಆದ ಸಂಜೆ ಒಂದ್ಸಲ, ನಾಲ್ಕನೇದು ಆದ ಸಂಜೆ ಒಂದ್ಸಲ."

ಬೇರೆ ದಿನ ನನ್ನ ಹತ್ತಿರ ಮಾತಾಡಲು ಆಗುತ್ತಿರಲಿಲ್ಲ. ಬಾಯಿ ತೆಗೆದರೆ ಸಿಡುಕುತ್ತಿದ್ದೆ, ಕೂತಲ್ಲಿ ಕೂರದೆ ನಡುಮನೆಯಲ್ಲಿ ಶತಪಥ ತಿರುಗುತ್ತಿದ್ದೆ. ಆ ಸಂಜೆ ಮಾತ್ರ ನಾನು ಹಳೆಯ ಮನುಷ್ಯನ ಹಾಗೆ ಇರುತ್ತಿದ್ದೆನಂತೆ. ಬೆನ್ನ ಮೇಲೆ ಕೈ ಇಟ್ಟರೆ ಸುಮ್ಮನಿರುತ್ತಿದ್ದೆನಂತೆ. ಅದಕ್ಕೇ ಅವಳು ಆ ಹೊತ್ತನ್ನು ಆರಿಸಿಕೊಂಡಿದ್ದು. ನಾನು ಮಾತು ಕೇಳಬಲ್ಲ ಹೊತ್ತು ತಿಂಗಳಲ್ಲಿ ಅದೊಂದೇ ಇತ್ತು. ಆದರೆ ಆ ಹೊತ್ತಿನದು ನನ್ನ ನೆನಪಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಆಗ ನಾನು ಏನಂದೆ?"

"ಅತ್ರಿ. ನನ್ನ ಕೈ ಹಿಡ್ಕೊಂಡು ತಪ್ಪಾಯ್ತು ಅಂದ್ರಿ. ನಿಮ್ಮಪ್ಪನಿಗೆ ನಾನೇ ಹೇಳ್ತೀನಿ ಅಂದ್ರಿ." ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು. "ಮೊದಲ್ನೇ ಸಲ ನಾನೂ ಅತ್ತೆ. ಮುಗೀತು ಅಂದ್ಕೊಂಡೆ. ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿದ್ರಿ, ಆ ಭಾನುವಾರ ನೀನು ಅಂತ. ನೆನಪಿದ್ದೂ ಬೇಕಂತ ಮಾಡ್ತಿದಾರೇನೋ ಅನ್ಸಿತ್ತು. ಎರಡನೇ ಸಲ ತೋರಿಸಿದ್ದು ಅದನ್ನ ನೋಡೋಕೇ. ಆವಾಗಲೂ ಹಂಗೇ ಅತ್ರಿ, ಅದೇ ಮಾತು, ಒಂದಕ್ಷರ ಬಿಡದಂಗೆ. ಆಮೇಲೆ ತೋರ್ಸೋದು ಬಿಟ್ಟೆ."

ಆಗ ನಾನು ಕ್ಷಮೆ ಕೇಳಿದೆ ಎಂದು ಓದುವವರು ಅಂದುಕೊಳ್ಳಬಹುದು. ಕೇಳಲಿಲ್ಲ. ಎದ್ದು ಟೆರೇಸಿಗೆ ಹೋಗಿ ನಿಂತೆ. ಕೆರೆಯ ಕಡೆಯಿಂದ ಕೊಳೆತ ವಾಸನೆ ಬರುತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಇದು ಔಷಧದ ಕೆಲಸ. ಡ್ರಿಪ್ಪು ಆ ಸಂಜೆಗಳನ್ನು ಅಳಿಸಿದ ಹಾಗೆ ಆ ಭಾನುವಾರವನ್ನೂ ಅಳಿಸಿದೆ. ನನ್ನ ತಪ್ಪಿಲ್ಲ.

ಮಂಗಳವಾರ ಕ್ಲಿನಿಕ್ಕಿಗೆ ಒಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. ಅವರು ನನ್ನ ಫೈಲು ತಿರುವಿ, "ಡ್ರಿಪ್ ಶುರು ಮಾಡಿದ್ದು ಸರ್ಪಸುತ್ತಾಗಿ ಆರು ತಿಂಗಳ ಮೇಲೆ ಅಲ್ವಾ? ಈ ಕಥೆ ನೀವು ಯಾವಾಗಿಂದ ಹೇಳ್ತಿದೀರಿ?" ಎಂದು ಕೇಳಿದರು.

ಮೊದಲ ಗುರುವಾರದಿಂದ. ಆಗ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ.

"ಹಾಗಿದ್ರೆ ಔಷಧದ ಮೇಲೆ ಹಾಕ್ಬೇಡಿ," ಎಂದರು. "ಡ್ರಿಪ್ಪಿನ ದಿನ ಹೋಗಿದ್ದು ನಮ್ಮಿಂದ. ಅದಕ್ಕಿಂತ ಹಿಂದಿನದು ನೀವೇ ಮಾಡ್ಕೊಂಡಿದ್ದು."

ಇನ್ನೊಂದು ಮಾತನ್ನೂ ಕೇಳಿದೆ: ಭಾನುವಾರವೇ ಬಂದಿದ್ದರೆ ಈ ನೋವು ಉಳಿಯುತ್ತಿರಲಿಲ್ಲವೇ? ಕಡಿಮೆಯಾಗುತ್ತಿತ್ತೇನೋ, ಖಚಿತ ಹೇಳಲಾಗದು, ಸಮಯಕ್ಕೆ ಮಾತ್ರೆ ತಿಂದವರಲ್ಲೂ ಕೆಲವರಿಗೆ ಉಳಿಯುತ್ತದೆ ಎಂದರು. ಅಂದರೆ ನಾನು ಒಂದು ವರ್ಷ ಹೊರಿಸಿದ ಅಪರಾಧ ನಡೆದಿದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬರುವಾಗ ಯೋಚಿಸಿದೆ. ಮುನಿರತ್ನಮ್ಮ ಹೇಳಿದ್ದರಲ್ಲಿ ಕಾಯಿಲೆಯ ಹೆಸರು ನಿಜವಿತ್ತು. ನಿಜವಾದ ಸಂದೇಹವಾದಿ ಹೆಸರನ್ನು ಇಟ್ಟುಕೊಂಡು ಮಣ್ಣನ್ನು ಬಿಡುತ್ತಿದ್ದ. ನಾನು ಮಣ್ಣು ಹಚ್ಚಿಸಿಕೊಂಡೆ, ಅದು ಕೈಕೊಟ್ಟ ಮೇಲೆ ನಾಚಿಕೆಯಾಯಿತು, ನಾಚಿಕೆ ಹೋಗಲೆಂದು ಭಾನುವಾರವನ್ನು ಬುಧವಾರ ಮಾಡಿದೆ. ಯಾವಾಗ ಮಾಡಿದೆ, ಗೊತ್ತಿದ್ದು ಮಾಡಿದೆನೇ, ಈಗಲೂ ಹೇಳಲಾರೆ. ಇದನ್ನು ಓದುವವರಿಗೆ ನನ್ನಿಂದ ಒಂದೇ ಉಪಯೋಗ: ಮೈಯ ಒಂದೇ ಪಕ್ಕ ಉರಿದು ಗುಳ್ಳೆ ಎದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಗುರುತಿಸಿದವರು ಯಾರೇ ಆಗಿರಲಿ, ನಂಬಿ ಹೋಗಿ.

ಅವತ್ತು ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಬಸ್ಸಿನ ನೂಕುನುಗ್ಗಲಿಗೆ ಪಕ್ಕೆ ಕೆಂಡವಾಗಿತ್ತು. ಶೈಲಾ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. "ಆ ಭಾನುವಾರ ತಪ್ಪು ಮಾಡಿದ್ದು ನಾನು. ನೀನು ಕರೆದೆ, ನಾನು ಬರಲಿಲ್ಲ. ಒಂದು ವರ್ಷ ನಿನ್ನ ಮೇಲೆ ಹಾಕಿದೆ."

ಅವಳು ತಲೆ ಎತ್ತಲಿಲ್ಲ. "ನಾಳೆ ಬೆಳಿಗ್ಗೆ ಎದ್ದ ಮೇಲೆ ಹೇಳ್ರಿ" ಎಂದಳು.

ಅದರಲ್ಲಿ ಕೋಪವಿರಲಿಲ್ಲ. ಎರಡು ಸಲ ಸಂಜೆಗೆ ಸಿಕ್ಕಿ ಬೆಳಿಗ್ಗೆಗೆ ಇಲ್ಲವಾದದ್ದನ್ನು ಮೂರನೇ ಸಲ ಕೈ ಚಾಚಿ ತೆಗೆದುಕೊಳ್ಳಲು ಅವಳು ತಯಾರಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಅವಳು ಸೀರೆಗೆ ಪಿನ್ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸುವಾಗ ಹೇಳಿದೆ. ಅದೇ ಮೂರು ಮಾತು.

"ಅಪ್ಪನಿಗೆ?" ಎಂದಳು.

"ಹೇಳ್ತೀನಿ."

"ಈಗ."

ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮಾವನಿಗೆ ಈಚೆಗೆ ಕಿವಿ ಮಂದ. ನಾನು ಹೇಳಿದ ಮೊದಲ ಸಲ, "ಏನಂದ್ರಿ? ಗದ್ದಲ ಐತಿ ಇಲ್ಲಿ, ಜೋರಾಗಿ ಹೇಳ್ರಿ" ಎಂದರು. ಜೋರಾಗಿ ಮಾತಾಡಬೇಕೆಂದರೆ ಎದೆ ತುಂಬ ಉಸಿರು ಎಳೆಯಬೇಕು, ಎದೆ ಹಿಗ್ಗಿದರೆ ಅಂಗಿ ಪಕ್ಕೆಗೆ ತಾಗುತ್ತದೆ. ಎಳೆದೆ. "ಭಾನುವಾರಾನೇ ಆಸ್ಪತ್ರೆಗೆ ಹೋಗೋಣ ಅಂತ ಶೈಲಾ ಕರೆದಿದ್ಲು ಮಾವಾ. ನಾನೇ ಹೋಗ್ಲಿಲ್ಲ. ನಾನು ನಿಮ್ಮ ಮುಂದೆ ಹೇಳಿದ್ದು ಸುಳ್ಳು."

ಕೆಳಗೆ ಅವಳ ಶಾಲೆಯ ಬಸ್ಸು ಬಂದು ಹಾರ್ನ್ ಹೊಡೆಯಿತು.

"ಇನ್ನೊಮ್ಮೆ ಹೇಳ್ರಿ" ಎಂದರು ಮಾವ. ಈ ಸಲ ಅವರಿಗೆ ಕೇಳಿಸಿತ್ತು ಎಂದು ದನಿಯಿಂದಲೇ ಗೊತ್ತಾಯಿತು. "ಅವರಮ್ಮನ್ನ ಕರೀತೀನಿ, ತಡೀರಿ. ಅಕೀನೂ ಕೇಳ್ಲಿ."

ಕಾದೆವು. ಬಸ್ಸು ಎರಡನೇ ಸಲ ಹಾರ್ನ್ ಹೊಡೆಯಿತು. ಶೈಲಾ ಕಿಟಕಿಯ ಕಡೆ ನೋಡಲಿಲ್ಲ. ಬ್ಯಾಗನ್ನು ಹೆಗಲಿಂದ ಇಳಿಸಿ ಕುರ್ಚಿಯ ಮೇಲಿಟ್ಟು, ಫೋನಿನ ಹತ್ತಿರ ಬಂದು ನಿಂತಳು. ಬಸ್ಸು ಹೋದ ಸದ್ದು ಕೇಳಿಸಿತು. ಅತ್ತೆ ಫೋನಿಗೆ ಬಂದು "ಹೇಳ್ರಿ" ಎಂದರು. ನಾನು ಮತ್ತೆ ಉಸಿರು ಎಳೆದುಕೊಂಡೆ.